ಎಳೆಗರುಳಿನ ದಾರಿ ತೆರೆದ ಚರಿತ್ರೆ



ಚರಿತ್ರೆ ಎಂದೊಡನೆ ನಿಮಗೆ ನೆನಪಾಗುವುದು ರಾಜರು, ಕಾಳಗಗಳು, ಶಾಸನಗಳು. ಪರೀಕ್ಷೆಗೆ ಬರುವುದೂ ಬಹುಪಾಲು ಅವೇ. ಆದರೆ ಹುಟ್ಟಿ ಎರಡು ದಿನ ತುಂಬದ ಕೂಸಿನ ಕರುಳಿಗೂ ಒಂದು ಚರಿತ್ರೆಯಿದೆ ಎಂದರೆ ನಂಬುವಿರಾ? ಈ ವಾರದ ನಮ್ಮ ಮಾತು ಅದನ್ನು ಕುರಿತದ್ದು. ಹುಟ್ಟುವಾಗಲೇ ಕರುಳಿನ ದಾರಿ ಮುಚ್ಚಿರುವ ಶಿಶುಗಳನ್ನು ಉಳಿಸಲು ಮನುಷ್ಯ ಹೇಗೆ ಕಲಿತ ಎಂಬುದನ್ನು ನೋಡೋಣ. ಆ ಕಲಿಕೆ ನಮ್ಮ ಹಳ್ಳಿಯ ಬಾಗಿಲಿಗೆ ಎಷ್ಟರಮಟ್ಟಿಗೆ ಬಂದಿದೆ ಎಂಬುದನ್ನು ತಿಳಿಯಲು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು ಆರಿಸಿಕೊಂಡಿದ್ದೇವೆ: ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ.

ಮೊದಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಜೋಯಿಡಾ ತಾಲೂಕಿನ ಕಾಡಂಚಿನ ಒಂದು ಹಳ್ಳಿ. ಹೊರಗೆ ಆಷಾಢದ ಮಳೆ ಬಿಡದೆ ಸುರಿಯುತ್ತಿದೆ. ಒಳಗೆ ಬಾಣಂತಿಯ ಪಕ್ಕದಲ್ಲಿ ಹಿಂದಿನ ದಿನ ಹುಟ್ಟಿದ ಮಗು ಮಲಗಿದೆ. ಹುಟ್ಟಿದಾಗ ಚೆನ್ನಾಗಿಯೇ ಅತ್ತಿತ್ತು, ಎದೆಹಾಲನ್ನೂ ಕುಡಿದಿತ್ತು. ಸಂಜೆಯ ಹೊತ್ತಿಗೆ ವಾಂತಿ ಮಾಡಿತು. ಎಳೆಗೂಸು ಹಾಲು ಕಕ್ಕುವುದು ಹೊಸದೇನಲ್ಲ. ಆದರೆ ಈ ವಾಂತಿ ಹಾಲಿನ ಬಣ್ಣದ್ದಾಗಿರಲಿಲ್ಲ. ಸೊಪ್ಪು ಅರೆದು ಹಿಂಡಿದ ರಸದಂತೆ ಹಸಿರಾಗಿತ್ತು. ಹುಟ್ಟಿದ ಮೇಲೆ ಹೊರಹೋಗಬೇಕಾದ ಕಪ್ಪು ಮಲವೂ ಇನ್ನೂ ಹೋಗಿಲ್ಲ. ಅಜ್ಜಿ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದು ಬರುತ್ತಾರೆ. ನೆರೆಮನೆಯವರು ಬಜೆ ತೇಯ್ದು ನೆಕ್ಕಿಸಿ ಎನ್ನುತ್ತಾರೆ. ತಂದೆ ಜಗಲಿಯಲ್ಲಿ ನಿಂತು ಮಳೆ ನೋಡುತ್ತಾನೆ. ಕೊನೆಗೆ ಎಲ್ಲರೂ ಒಂದೇ ಮಾತಿಗೆ ಬರುತ್ತಾರೆ: "ಬೆಳಗಾಗಲಿ, ನೋಡೋಣ."

ಬೆಳಗಾಗುವವರೆಗೆ ಕಾಯಬಹುದೇ? ಕಾಯಬಾರದು. ಈ ಒಂದು ಉತ್ತರವನ್ನು ಧೈರ್ಯವಾಗಿ ಹೇಳಲು ವೈದ್ಯವಿಜ್ಞಾನಕ್ಕೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ಅದು ಹೇಗೆ ಎಂಬುದೇ ನಮ್ಮ ಕಥೆ.

ಹೊಟ್ಟೆಯೊಳಗೆ ಆಗುವುದೇನು?

ಗದ್ದೆಗೆ ನೀರು ತರುವ ಕಾಲುವೆಯನ್ನು ನೀವು ನೋಡಿದ್ದೀರಿ. ನಡುವೆ ಎಲ್ಲಾದರೂ ಮಣ್ಣು ಕುಸಿದು ಮುಚ್ಚಿಕೊಂಡರೆ ಮೇಲ್ಭಾಗದಲ್ಲಿ ನೀರು ನಿಂತು ಉಬ್ಬುತ್ತದೆ, ಕೆಳಭಾಗ ಒಣಗುತ್ತದೆ. ಕರುಳಿನಲ್ಲೂ ಹೀಗೆಯೇ. ದಾರಿ ಮುಚ್ಚಿದ ಜಾಗಕ್ಕಿಂತ ಮೇಲಿನ ಕರುಳು ಊದಿಕೊಳ್ಳುತ್ತದೆ, ಕೆಳಗಿನದು ಬಳಕೆಯಿಲ್ಲದೆ ದಾರದಂತೆ ಸಣ್ಣಗಿರುತ್ತದೆ. ಒಳಗೆ ತುಂಬಿದ್ದು ಕೆಳಗೆ ಹೋಗಲಾರದೆ ಮೇಲೆ ಬರುತ್ತದೆ.

ಬಣ್ಣ ಹಸಿರು ಏಕೆ? ಯಕೃತ್ತು ತಯಾರಿಸುವ ಪಿತ್ತರಸ ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ಗೆ ಬಂದು ಸೇರುತ್ತದೆ. ಆ ಜಾಗಕ್ಕಿಂತ ಕೆಳಗೆ ದಾರಿ ಮುಚ್ಚಿದ್ದರೆ ಪಿತ್ತರಸ ಹಿಂದಕ್ಕೆ ಬಂದು ವಾಂತಿಗೆ ಹಸಿರು ಬಣ್ಣ ಕೊಡುತ್ತದೆ. ಆದ್ದರಿಂದಲೇ ನವಜಾತ ಶಿಶುವಿನ ಹಸಿರು ವಾಂತಿಯನ್ನು, ಬೇರೆ ಕಾರಣ ಸಿಗುವವರೆಗೆ, ಕರುಳಿನ ಅಡಚಣೆ ಎಂದೇ ವೈದ್ಯರು ಎಣಿಸುತ್ತಾರೆ.

ಇಂಥ ಅಡಚಣೆಗೆ ಹಲವು ಕಾರಣಗಳಿವೆ. ಗರ್ಭದ ಮೊದಲ ವಾರಗಳಲ್ಲಿ ಡುವೊಡಿನಮ್ ಒಳಗೆ ಜೀವಕೋಶಗಳು ತುಂಬಿಕೊಂಡು ಅದು ಗಟ್ಟಿ ಕಡ್ಡಿಯಂತಾಗಿರುತ್ತದೆ. ಬರಬರುತ್ತ ನಡುವೆ ಪೊಳ್ಳಾಗಿ ಕೊಳವೆಯಾಗುತ್ತದೆ. 1900ರಲ್ಲಿ ಟ್ಯಾಂಡ್ಲರ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ. ಆ ಪೊಳ್ಳಾಗುವ ಕೆಲಸ ಅರ್ಧಕ್ಕೆ ನಿಂತರೆ ಡುವೊಡಿನಮ್ ಮುಚ್ಚಿಯೇ ಉಳಿಯುತ್ತದೆ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಆರನೆಯ ವಾರದ ಸುಮಾರಿಗೆ ಕರುಳು ಹೊಟ್ಟೆಗಿಂತ ವೇಗವಾಗಿ ಬೆಳೆದು, ಜಾಗ ಸಾಲದೆ, ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಳ್ಳುತ್ತದೆ. ಹತ್ತನೆಯ ವಾರದ ಹೊತ್ತಿಗೆ ಮರಳಿ ಬರುತ್ತದೆ. ಹೋಗಿ ಬರುವಾಗ 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು ತಿರುಗಿ ತನ್ನ ಜಾಗದಲ್ಲಿ ನೆಲೆಗೊಳ್ಳುತ್ತದೆ. ಈ ಸುತ್ತು ಸರಿಯಾಗಿ ಮುಗಿಯದಿದ್ದರೆ ಕರುಳು ಮುಂದೊಂದು ದಿನ ಬುಡಸಮೇತ ಹಗ್ಗದಂತೆ ಹೊಸೆದುಕೊಳ್ಳಬಹುದು. ಆಗ ರಕ್ತ ಹರಿಯುವುದು ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯತೊಡಗುತ್ತದೆ. "ಬೆಳಗಾಗಲಿ" ಎಂದು ಕಾಯಬಾರದೆನ್ನುವುದು ಮುಖ್ಯವಾಗಿ ಇದಕ್ಕಾಗಿ.

ಇವಲ್ಲದೆ ಸಣ್ಣ ಕರುಳಿನ ನಡುವೆ ಎಲ್ಲಾದರೂ ದಾರಿ ತುಂಡಾಗಿರಬಹುದು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದಿರಬಹುದು. ಗುದದ್ವಾರ ತೆರೆದುಕೊಂಡೇ ಇಲ್ಲದಿರಬಹುದು. ಎಲ್ಲ ಬಗೆಗಳನ್ನೂ ಸೇರಿಸಿದರೆ ಸುಮಾರು ಎರಡು ಸಾವಿರ ಹೆರಿಗೆಗಳಲ್ಲಿ ಒಂದು ಮಗುವಿಗೆ ಈ ತೊಂದರೆ ಇರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅಪರೂಪವೆನ್ನುವಂತಿಲ್ಲ, ಪ್ರತಿ ತಾಲೂಕಿನಲ್ಲೂ ಒಂದಲ್ಲ ಒಂದು ವರ್ಷ ಇಂಥ ಮಗು ಹುಟ್ಟಿಯೇ ಹುಟ್ಟುತ್ತದೆ.

ಇರುವೆಯ ಹೊಲಿಗೆಯಿಂದ ಬ್ರೆಸ್ಟ್ ಬಂದರಿನವರೆಗೆ

ಕರುಳನ್ನು ಕೊಯ್ದು ಹೊಲಿಯುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಬದ್ಧಗುದೋದರ ಎಂಬ ಕರುಳಿನ ಅಡಚಣೆಯ ವಿವರಣೆಯಿದೆ. ಹೊಕ್ಕುಳಿನ ಕೆಳಗೆ, ಎಡಬದಿಗೆ ಹೊಟ್ಟೆಯನ್ನು ಸೀಳಿ, ಕರುಳನ್ನು ಹೊರತೆಗೆದು, ಅಡ್ಡಿಯನ್ನು ನಿವಾರಿಸಬೇಕೆಂದು ಅದು ಹೇಳುತ್ತದೆ. ಕರುಳು ತೂತಾಗಿದ್ದರೆ ಅಂಚುಗಳನ್ನು ಕೂಡಿಸಿ ದೊಡ್ಡ ಕಪ್ಪು ಇರುವೆಗಳಿಂದ ಕಚ್ಚಿಸಿ, ಅವುಗಳ ಮೈಯನ್ನು ಕತ್ತರಿಸಿ ತಲೆಗಳನ್ನು ಅಲ್ಲೇ ಬಿಡಬೇಕೆಂಬ ಸೂಚನೆಯೂ ಇದೆ. ಇಂದಿನ ಲೋಹದ ಕ್ಲಿಪ್ಪುಗಳು ಮಾಡುವ ಕೆಲಸವನ್ನು ಅಂದು ಇರುವೆಯ ದವಡೆ ಮಾಡಬೇಕಿತ್ತು. ಆದರೆ ಇದು ಬೆಳೆದವರ ಚಿಕಿತ್ಸೆ. ಎಳೆಗೂಸಿನ ಹೊಟ್ಟೆಗೆ ಕತ್ತಿ ಇಡುವ ಮಾತು ಅಲ್ಲಿಲ್ಲ.

ಗುದದ್ವಾರವಿಲ್ಲದ ಮಗು ಕಣ್ಣಿಗೆ ಕಾಣುವ ಸಮಸ್ಯೆಯಾದ್ದರಿಂದ ಅದರತ್ತ ಮೊದಲು ಗಮನ ಹರಿಯಿತು. ಏಳನೆಯ ಶತಮಾನದ ಗ್ರೀಕ್ ವೈದ್ಯ, ಏಜೀನಾ ದ್ವೀಪದ ಪೌಲಸ್, ಅಡ್ಡವಾಗಿರುವ ಪೊರೆಯನ್ನು ಬೆರಳಿನಿಂದಲೋ ಕತ್ತಿಯ ಮೊನೆಯಿಂದಲೋ ಹರಿದು, ದಾರಿ ಮತ್ತೆ ಮುಚ್ಚದಂತೆ ನೋಡಿಕೊಳ್ಳಬೇಕೆಂದು ಬರೆದ. ಪೊರೆ ತೆಳುವಾಗಿದ್ದರೆ ಮಗು ಉಳಿಯುತ್ತಿತ್ತು. ಕರುಳು ಮೇಲೆಯೇ ನಿಂತುಬಿಟ್ಟಿದ್ದರೆ ಉಪಾಯವಿರಲಿಲ್ಲ.

1710ರಲ್ಲಿ ಪ್ಯಾರಿಸ್ಸಿನ ಅಲೆಕ್ಸಿ ಲಿಟ್ರೆ ಎಂಬ ವೈದ್ಯ ಆರು ದಿನ ಬದುಕಿ ಸತ್ತ ಇಂಥ ಒಂದು ಶಿಶುವಿನ ಶವಪರೀಕ್ಷೆ ಮಾಡಿದ. ದೊಡ್ಡ ಕರುಳು ನಡುವೆ ತುಂಡಾಗಿ ಎರಡು ಕುರುಡು ತುದಿಗಳಾಗಿದ್ದವು. ಮೇಲಿನ ತುದಿಯನ್ನು ಹೊಟ್ಟೆಯ ಗೋಡೆಗೆ ತಂದು ತೆರೆದಿದ್ದರೆ ಮಲ ಅಲ್ಲಿಂದಲೇ ಹೊರಬಂದು ಮಗು ಬದುಕುತ್ತಿತ್ತೇನೋ ಎಂದು ಅವನಿಗೆ ತೋಚಿತು. ತೋಚಿದ್ದನ್ನು ಬರೆದಿಟ್ಟ. ಅದನ್ನು ಎಳೆಗೂಸಿನ ಮೇಲೆ ಮಾಡಿ ಯಶಸ್ಸು ಕಾಣಲು ಎಂಬತ್ತಮೂರು ವರ್ಷ ಬೇಕಾಯಿತು. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ದ್ಯುರೆ ಎಂಬ ಶಸ್ತ್ರವೈದ್ಯ ಮೂರು ದಿನದ ಮಗುವಿನ ಹೊಟ್ಟೆಯ ಎಡಬದಿಯಲ್ಲಿ ಕರುಳನ್ನು ತೆರೆದ. ಅರಿವಳಿಕೆ ಇಲ್ಲದ ಕಾಲ, ರೋಗಾಣುಗಳ ಸುದ್ದಿಯೇ ತಿಳಿಯದ ಕಾಲ. ಆ ಮಗು ಉಳಿಯಿತು. ನಲವತ್ತೈದು ವರ್ಷ ಬಾಳಿತು ಎಂದು ದಾಖಲೆಗಳು ಹೇಳುತ್ತವೆ. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ದಿನಗಳಲ್ಲಿ ನಡೆದ ಸಂಗತಿ ಇದು ಎಂದು ನೆನಪಿಟ್ಟುಕೊಂಡರೆ ನಿಮಗೆ ಕಾಲದ ಅಂದಾಜು ಸಿಗುತ್ತದೆ.

ಹೊಟ್ಟೆಯ ಆಳದಲ್ಲಿರುವ ಸಣ್ಣ ಕರುಳಿನ ಅಡಚಣೆಗೆ ಮಾತ್ರ ಇನ್ನೂ ನೂರು ವರ್ಷ ಪರಿಹಾರ ಸಿಗಲಿಲ್ಲ. 1684ರಷ್ಟು ಹಿಂದೆಯೇ ಅದನ್ನು ಕಂಡು ಬರೆದವರಿದ್ದರು. ಆದರೆ ಕಂಡದ್ದೆಲ್ಲ ಸತ್ತ ಮೇಲೆ. 1911ರಲ್ಲಿ ಹಾಲೆಂಡಿನ ಫೋಕೆನ್ಸ್ ಸಣ್ಣ ಕರುಳು ತುಂಡಾಗಿದ್ದ ಮಗುವೊಂದನ್ನು ಮೊದಲ ಬಾರಿಗೆ ಉಳಿಸಿದ. ಆಮೇಲೂ ಅಂಥ ಗೆಲುವುಗಳು ಬೆರಳೆಣಿಕೆಯಷ್ಟೇ.

ಕೈಚಳಕವೊಂದೇ ಸಾಲದು

ಕತ್ತಿ ಇತ್ತು, ಕೈ ಇತ್ತು, ಧೈರ್ಯವೂ ಇತ್ತು. ಆದರೂ ಮಕ್ಕಳು ಏಕೆ ಸಾಯುತ್ತಿದ್ದವು? ಈ ಪ್ರಶ್ನೆಯನ್ನು ನೀವು ನಿಧಾನವಾಗಿ ಯೋಚಿಸಬೇಕು.

ಎರಡೂವರೆ ಕಿಲೋ ತೂಗುವ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 200 ಮಿಲಿಲೀಟರ್. ಒಂದು ಲೋಟದಷ್ಟು! ದೊಡ್ಡವರ ಶಸ್ತ್ರಚಿಕಿತ್ಸೆಯಲ್ಲಿ ಹತ್ತಿಯಲ್ಲಿ ಒರೆಸಿ ಎಸೆಯುವಷ್ಟು ರಕ್ತ ಹೋದರೂ ಕೂಸಿಗೆ ಅದು ದೊಡ್ಡ ನಷ್ಟ. ತೆರೆದ ಹೊಟ್ಟೆಯ ಮೂಲಕ ಮೈಯ ಬಿಸಿ ಬೇಗ ಆರಿಹೋಗುತ್ತದೆ. ವಾಂತಿಯಿಂದ ಮೊದಲೇ ನೀರು, ಲವಣ ಬತ್ತಿರುತ್ತದೆ. ಉಸಿರಾಟದ ಕೊಳವೆ ಬಾಲ್‌ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ, ಅಷ್ಟೆ. ಒಬ್ಬ ಶಸ್ತ್ರವೈದ್ಯ ಎಷ್ಟೇ ನಿಪುಣನಾದರೂ ಇವೆಲ್ಲವನ್ನೂ ಒಬ್ಬನೇ ಗೆಲ್ಲಲಾರ.

ಆದ್ದರಿಂದ ಈ ಚರಿತ್ರೆಯ ಮುಂದಿನ ಹೆಜ್ಜೆಗಳನ್ನು ಇಟ್ಟವರಲ್ಲಿ ಬೇರೆ ಬೇರೆ ಕ್ಷೇತ್ರದವರಿದ್ದಾರೆ. 1846ರಲ್ಲಿ ಈಥರ್ ಅರಿವಳಿಕೆ ಬಂತು. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ. ಡುವೊಡಿನಮ್ ಮುಚ್ಚಿದ ಮಗುವಿನ ಎಕ್ಸ್-ರೇಯಲ್ಲಿ ಜಠರದ ಗಾಳಿ ಒಂದು ಗುಳ್ಳೆಯಾಗಿ, ಊದಿದ ಡುವೊಡಿನಮ್ ಇನ್ನೊಂದು ಗುಳ್ಳೆಯಾಗಿ ಕಾಣುತ್ತದೆ. ಈ ಜೋಡಿ ಗುಳ್ಳೆ ಕಂಡೊಡನೆ ರೋಗ ಇದೇ ಎನ್ನಬಹುದು. 1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ್ದರಿಂದ ರಕ್ತ ಕೊಡುವುದು ಸುರಕ್ಷಿತವಾಯಿತು. 1937ರಲ್ಲಿ ಇಂಗ್ಲೆಂಡಿನ ಫಿಲಿಪ್ ಏರ್ ಎಂಬ ಅರಿವಳಿಕೆ ತಜ್ಞ ಶಿಶುಗಳ ಉಸಿರಾಟಕ್ಕೆ ಅಡ್ಡಿಯಾಗದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಸರಳ ಕೊಳವೆಯನ್ನು ರೂಪಿಸಿದ.

ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಲ್ಯಾಡ್ ಬೇರೆಲ್ಲವನ್ನೂ ಬಿಟ್ಟು ಮಕ್ಕಳ ಶಸ್ತ್ರಚಿಕಿತ್ಸೆಗೇ ನಿಂತ. ಹೊಸೆದುಕೊಂಡ ಕರುಳನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಡಿಸಿ, ಅಡ್ಡಗಟ್ಟಿದ ಪಟ್ಟಿಗಳನ್ನು ಕತ್ತರಿಸಿ, ಕರುಳಿನ ಬುಡವನ್ನು ಅಗಲಗೊಳಿಸುವ ಅವನ ವಿಧಾನ 1936ರ ಹೊತ್ತಿಗೆ ರೂಪುಗೊಂಡಿತು. ಇಂದಿಗೂ ಅದು ಅವನ ಹೆಸರಿನಲ್ಲೇ ನಡೆಯುತ್ತಿದೆ.

ನೋಡುತ್ತಿದ್ದ ಜಾಗವೇ ತಪ್ಪಾಗಿತ್ತು

1886ರಲ್ಲಿ ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಶ್‌ಸ್ಪ್ರುಂಗ್, ಮಲಬದ್ಧತೆಯಿಂದ ಹೊಟ್ಟೆಯುಬ್ಬಿ ಸತ್ತ ಎರಡು ಮಕ್ಕಳ ವಿಚಾರವನ್ನು ಬರ್ಲಿನ್ನಿನ ಸಭೆಯಲ್ಲಿ ಮಂಡಿಸಿದ. ದೊಡ್ಡ ಕರುಳು ಚೀಲದಂತೆ ಊದಿತ್ತು. ಊದಿದ ಭಾಗವೇ ರೋಗದ ಭಾಗವೆಂದು ಎಲ್ಲರೂ ತಿಳಿದರು. ಸುಮಾರು ಅರವತ್ತು ವರ್ಷ ಶಸ್ತ್ರವೈದ್ಯರು ಅದರತ್ತಲೇ ನೋಡಿದರು. ನಿಜವಾದ ದೋಷ ಅದರ ಕೆಳಗೆ, ನೋಡಲು ಏನೂ ಆಗದಂತಿದ್ದ ಸಪೂರ ಕರುಳಿನಲ್ಲಿತ್ತು. ಅಲ್ಲಿ ಕರುಳನ್ನು ನಡೆಸುವ ನರಕೋಶಗಳೇ ಇರಲಿಲ್ಲ. 1948ರಲ್ಲಿ ಬಾಸ್ಟನ್ನಿನ ಆರ್ವರ್ ಸ್ವೆನ್ಸನ್ ಆ ಸಪೂರ ಭಾಗವನ್ನು ತೆಗೆದು ಮೇಲಿನ ಕರುಳನ್ನು ಕೆಳಕ್ಕೆಳೆದು ಜೋಡಿಸುವ ವಿಧಾನವನ್ನು ಪ್ರಕಟಿಸಿದ. ಮಕ್ಕಳು ಗುಣವಾಗತೊಡಗಿದರು.

ಇನ್ನೊಂದು ತಿರುವು ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಬಂತು. ಸಣ್ಣ ಕರುಳು ತುಂಡಾಗಿ ಹುಟ್ಟಿದ ಮಕ್ಕಳಲ್ಲಿ ಅಲ್ಲಿ ಆ ಕಾಲಕ್ಕೆ ಹತ್ತರಲ್ಲಿ ಒಂಬತ್ತು ಸಾಯುತ್ತಿದ್ದವು. ಹೊಲಿಗೆ ಸರಿಯಾಗಿಯೇ ಕೂಡುತ್ತಿತ್ತು, ಆದರೆ ಕರುಳು ಕೆಲಸ ಮಾಡುತ್ತಿರಲಿಲ್ಲ. ಯಾನ್ ಲೌ ಎಂಬ ಶಸ್ತ್ರವೈದ್ಯನಿಗೆ ಒಂದು ಸಂಶಯ ಬಂತು. ಕರುಳು ಮೊದಲು ಸರಿಯಾಗಿಯೇ ರೂಪುಗೊಂಡು, ಆಮೇಲೆ ಗರ್ಭದಲ್ಲೇ ಆ ಭಾಗಕ್ಕೆ ರಕ್ತ ನಿಂತು ಅದು ಕರಗಿಹೋಗುತ್ತದೆಯೇ? ಪರೀಕ್ಷಿಸುವ ಕೆಲಸವನ್ನು ತನ್ನ ಕಿರಿಯ ಸಹೋದ್ಯೋಗಿಗೆ ವಹಿಸಿದ. ಆ ಯುವಕ ಗಬ್ಬದ ನಾಯಿಯ ಗರ್ಭಕೋಶವನ್ನು ತೆರೆದು, ಒಳಗಿದ್ದ ಮರಿಯ ಕರುಳಿಗೆ ಹೋಗುವ ಸಣ್ಣ ರಕ್ತನಾಳವನ್ನು ಕಟ್ಟಿ, ಮತ್ತೆ ಎಲ್ಲವನ್ನೂ ಮುಚ್ಚಿ ಹುಟ್ಟುವವರೆಗೆ ಕಾದ. ಪ್ರಯೋಗ ಮತ್ತೆ ಮತ್ತೆ ಸೋತಿತು. ಕೊನೆಗೆ ಬದುಕಿ ಹುಟ್ಟಿದ ಮರಿಗಳಲ್ಲಿ ಶಿಶುಗಳಲ್ಲಿ ಕಂಡಂಥದೇ ತುಂಡಾದ ಕರುಳು ಕಾಣಿಸಿತು. 1955ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಆ ಯುವಕನ ಹೆಸರು ಕ್ರಿಶ್ಚಿಯನ್ ಬರ್ನಾರ್ಡ್. 1967ರಲ್ಲಿ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿ ಲೋಕಪ್ರಸಿದ್ಧನಾದವನು ಅವನೇ. ಹೃದಯದ ಕಥೆ ಎಲ್ಲರಿಗೂ ಗೊತ್ತು. ಈ ಕರುಳಿನ ಕಥೆ ಗೊತ್ತಿರುವವರು ಕಡಿಮೆ.

ಇದರಿಂದ ಎರಡು ಲಾಭವಾಯಿತು. ಒಂದು, ಊದಿದ ಕುರುಡು ತುದಿಗೆ ರಕ್ತಸಂಚಾರ ಸಾಲದು, ಅದನ್ನು ಕತ್ತರಿಸಿ ತೆಗೆದು ಆರೋಗ್ಯವಾದ ಕರುಳನ್ನೇ ಜೋಡಿಸಬೇಕು ಎಂದು ತಿಳಿಯಿತು. ಸಾವಿನ ಪ್ರಮಾಣ ಇಳಿಯತೊಡಗಿತು. ಎರಡನೆಯದು ಶಸ್ತ್ರಕೋಣೆಯ ಹೊರಗಿನದು. ನಮ್ಮಲ್ಲಿ ಮಗುವಿಗೆ ಏನಾದರೂ ಊನವಿದ್ದರೆ ಮೊದಲು ಬೆರಳು ತೋರುವುದು ತಾಯಿಯತ್ತ. ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು, ಅವಳ ಕಾಲ್ಗುಣ ಸರಿಯಿಲ್ಲ. ಇಂಥ ಮಾತು ಕೇಳಿ ಕಣ್ಣೀರಿಟ್ಟ ಬಾಣಂತಿಯರು ಎಷ್ಟೋ. ಸಣ್ಣ ಕರುಳಿನ ಈ ತೊಂದರೆ ಗರ್ಭದೊಳಗೆ ತಾನಾಗಿ ಆದ ಒಂದು ರಕ್ತನಾಳದ ಅವಘಡ ಎಂದು ಕೇಪ್ ಟೌನಿನ ಪ್ರಯೋಗ ತೋರಿಸಿತು. ತಾಯಿ ಮಾಡಿದ ತಪ್ಪು ಅದರಲ್ಲಿ ಏನೂ ಇಲ್ಲ.

ಹೊಲಿಗೆ ಮುಗಿದ ಮೇಲೆ

ಜೋಡಿಸಿದ ಕರುಳು ಕೆಲಸ ಆರಂಭಿಸಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ಮಗುವಿಗೆ ಆಹಾರವೇನು? ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್ ಇದಕ್ಕೆ ಉತ್ತರ ಹುಡುಕಿದರು. ಮೊದಲು ನಾಯಿಮರಿಗಳನ್ನು ರಕ್ತನಾಳದ ಮೂಲಕ ಕೊಟ್ಟ ಆಹಾರದಿಂದಲೇ ಬೆಳೆಸಿ ತೋರಿಸಿದರು. ಬಳಿಕ ಫಿಲಡೆಲ್ಫಿಯಾದಲ್ಲಿ, ಸಣ್ಣ ಕರುಳು ಬಹುಪಾಲು ಇಲ್ಲದೆ ಹುಟ್ಟಿದ ಮಗುವೊಂದಕ್ಕೆ ಸಕ್ಕರೆ, ಪ್ರೋಟೀನು, ಲವಣ, ಜೀವಸತ್ವಗಳನ್ನು ದೊಡ್ಡ ರಕ್ತನಾಳದ ಮೂಲಕವೇ ಕೊಟ್ಟರು. ಮಗು ಬೆಳೆಯಿತು. 1968ರಲ್ಲಿ ಅದರ ವರದಿ ಪ್ರಕಟವಾಯಿತು. ಬಾಯಿಂದ ಒಂದು ತೊಟ್ಟೂ ಕುಡಿಯದೆ ಮಗು ಬೆಳೆಯಬಲ್ಲದು ಎಂಬುದು ಆಗ ಸಾಬೀತಾಯಿತು.

ಇದಕ್ಕೆ ಮೊದಲೇ, 1953ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನವಜಾತ ಶಿಶುಗಳ ಶಸ್ತ್ರಚಿಕಿತ್ಸೆಗೆಂದೇ ಒಂದು ಪ್ರತ್ಯೇಕ ವಿಭಾಗ ಆರಂಭವಾಗಿತ್ತು. ಪೀಟರ್ ರಿಕ್‌ಹ್ಯಾಮ್ ಅದರ ರೂವಾರಿ. ಸುತ್ತಲಿನ ಊರುಗಳಿಂದ ಶಿಶುಗಳನ್ನು ಬೆಚ್ಚಗೆ, ಬೇಗ ತರಬೇಕು. ಪಳಗಿದ ದಾದಿಯರು ಹಗಲಿರುಳು ಕಾಯಬೇಕು ಎಂಬುದು ಅಲ್ಲಿನ ನಿಯಮ. ಅಂದಿನಿಂದ ಮಗುವನ್ನು ಸಾಗಿಸುವ ರೀತಿಯೂ ಚಿಕಿತ್ಸೆಯ ಭಾಗವೇ ಆಯಿತು. ನಮ್ಮ ನಾಲ್ಕು ತಾಲೂಕುಗಳಿಗೆ ಇದು ಬಹಳ ಮುಖ್ಯವಾದ ಪಾಠ.

ಕಾಳಿ ತೀರದಿಂದ ಹುಬ್ಬಳ್ಳಿಗೆ

ಈಗ ನಮ್ಮ ನೆಲಕ್ಕೆ ಬರೋಣ. ಭೂಪಟವನ್ನು ಮುಂದಿಟ್ಟುಕೊಳ್ಳಿ. ಉತ್ತರ ಕನ್ನಡದ ಆಡಳಿತ ಕೇಂದ್ರ ಕಾರವಾರ ಕಡಲ ತೀರದಲ್ಲಿದೆ. ನಮ್ಮ ನಾಲ್ಕು ತಾಲೂಕುಗಳು ಘಟ್ಟದ ಮೇಲಿವೆ. ನಡುವೆ ದಟ್ಟ ಕಾಡು, ಕಾಳಿ ನದಿಯ ಕಣಿವೆ. 1862ರಲ್ಲಿ ಈ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಸರಕಾರ ಎಲ್ಲಿದ್ದರೂ ಹಳಿಯಾಳ, ಮುಂಡಗೋಡಗಳ ಜನರ ಸಂತೆ, ವ್ಯಾಪಾರ, ಆಸ್ಪತ್ರೆ ಬಯಲುಸೀಮೆಯ ಕಡೆಗೇ. ಹಳಿಯಾಳದಿಂದ ಧಾರವಾಡ ಸುಮಾರು 40 ಕಿಲೋಮೀಟರ್. ಮುಂಡಗೋಡದಿಂದ ಹುಬ್ಬಳ್ಳಿ ಸುಮಾರು 50. ದಾಂಡೇಲಿಯಿಂದ ಧಾರವಾಡ ಸುಮಾರು 60. ಜೋಯಿಡಾದ ರಾಮನಗರದ ಕಡೆಯವರಿಗೆ ಬೆಳಗಾವಿ ಹತ್ತಿರ. ಕೆಲವರು ಗೋವಾದತ್ತಲೂ ಹೋಗುತ್ತಾರೆ.

ಈ ನಾಲ್ಕೂ ಒಂದೇ ಬಗೆಯ ತಾಲೂಕುಗಳಲ್ಲ. ದಾಂಡೇಲಿ ಮರದ ವ್ಯಾಪಾರದಿಂದ ಬೆಳೆದು, 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯಿಂದ ಕಾರ್ಮಿಕರ ಪಟ್ಟಣವಾಯಿತು; ಮೊದಲು ಹಳಿಯಾಳ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿದೆ. ಜೋಯಿಡಾ ವಿಸ್ತೀರ್ಣದಲ್ಲಿ ದೊಡ್ಡದು, ಜನಸಂಖ್ಯೆಯಲ್ಲಿ ವಿರಳ. ಇದರ ಹಳೆಯ ಕೇಂದ್ರ ಸೂಪಾ, ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ದೊಡ್ಡ ನೆಲೆಯಿದೆ. ಹಳಿಯಾಳದ ಸುತ್ತ ಸಿದ್ದಿಯರು, ಗೌಳಿಗರು, ಜೋಯಿಡಾದಲ್ಲಿ ಕುಣಬಿಗಳು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲವೂ ಇಲ್ಲಿ ಮನೆಮಾತುಗಳು. ಆರೋಗ್ಯದ ಒಂದು ಸುದ್ದಿ ಎಲ್ಲರಿಗೂ ತಲುಪಬೇಕೆಂದರೆ ಅದು ಇಷ್ಟು ಭಾಷೆಗಳನ್ನು ದಾಟಬೇಕು.

ಹಿಂದೆ ಈ ಭಾಗದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ನೆನಪಾಗುತ್ತಿದ್ದ ಊರು ಮಿರಜ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. ಬೆಳಗಾವಿ, ಧಾರವಾಡದ ಕಡೆಯ ರೋಗಿಗಳು ರೈಲು ಹತ್ತಿ ಹೋಗುತ್ತಿದ್ದರು. ಆದರೆ ಹಸಿರು ವಾಂತಿ ಮಾಡುವ ಎರಡು ದಿನದ ಕೂಸಿಗೆ ಅಷ್ಟು ದೂರದ ಪಯಣ ಸಾಧ್ಯವಿರಲಿಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನರ ಬಾಯಲ್ಲಿ ಅದು ಮುಂದೆ ಕಿಮ್ಸ್ ಆಯಿತು. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಬಂತು. 1965ರಲ್ಲಿ ದೇಶದ ಮಕ್ಕಳ ಶಸ್ತ್ರವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. ಅದುವರೆಗೆ ದೊಡ್ಡವರ ಶಸ್ತ್ರಚಿಕಿತ್ಸೆಯ ಒಂದು ಮೂಲೆಯಾಗಿದ್ದ ಈ ವಿದ್ಯೆ ನಮ್ಮಲ್ಲೂ ಸ್ವತಂತ್ರವಾಗಿ ಬೆಳೆಯಿತು. ಕಾರವಾರಕ್ಕೆ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ.

ಕಾಲೇಜು ಬಂದರೆ ಸಾಲದು, ಅಲ್ಲಿಗೆ ತಲುಪಬೇಕು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಅಂಬುಲೆನ್ಸ್ ಸೇವೆ ಆರಂಭವಾಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆಯೂ ಸಾಗಾಟವೂ ಉಚಿತವಾಯಿತು. 2013ರಿಂದ ಮಕ್ಕಳ ಹುಟ್ಟು ದೋಷಗಳನ್ನು ಗುರುತಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಆದರೂ ಮಳೆಗಾಲದಲ್ಲಿ ಹಳ್ಳ ತುಂಬಿದಾಗ, ಮೊಬೈಲಿಗೆ ಸಿಗ್ನಲ್ ಸಿಗದಾಗ, ಜೋಯಿಡಾದ ಒಳಹಳ್ಳಿಗಳಿಗೆ ದೂರ ಇನ್ನೂ ದೂರವೇ. ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದನಿಯೆತ್ತಿದ್ದು ಇದೇ ಕಾರಣಕ್ಕೆ.

ಮೊದಲು ಕಾಣುವ ಕಣ್ಣು

ಇಂದು ಒಳ್ಳೆಯ ಸೌಲಭ್ಯವಿರುವ ಕಡೆ, ಬೇರೆ ಊನವಿಲ್ಲದೆ ಕರುಳಷ್ಟೇ ಮುಚ್ಚಿರುವ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಉಳಿಯುತ್ತವೆ. ಕೇಪ್ ಟೌನಿನ ಆ ಲೆಕ್ಕ ಪೂರ್ತಿ ತಿರುಗಿ ನಿಂತಿದೆ. ಬಸುರಿಯ ಸ್ಕ್ಯಾನಿಂಗ್‌ನಲ್ಲೇ ಕೆಲವು ಅಡಚಣೆಗಳು ಕಾಣುತ್ತವೆ. ಮಗು ನುಂಗಿದ ಗರ್ಭದ ನೀರು ಕರುಳಿನಲ್ಲಿ ಮುಂದೆ ಸಾಗದೆ ನೀರು ಹೆಚ್ಚಾಗಿರುವುದು ಒಂದು ಸುಳಿವು. ಆಗ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬಹುದು. ಸ್ಕ್ಯಾನಿಂಗ್ ಇರುವುದು ಇಂಥ ಉಪಯೋಗಕ್ಕೆ. ಗಂಡೋ ಹೆಣ್ಣೋ ತಿಳಿಯಲು ಅದನ್ನು ಬಳಸುವುದು 1994ರ ಕಾಯಿದೆಯಂತೆ ಅಪರಾಧ.

ಗರ್ಭದಲ್ಲಿ ಕಾಣದೇ ಹೋದದ್ದು ಹುಟ್ಟಿದ ಮೇಲೆ ಕಾಣಬೇಕು. ಕಾಣುವವರು ಯಾರು? ಶಸ್ತ್ರವೈದ್ಯ ಇರುವುದು ಹುಬ್ಬಳ್ಳಿಯಲ್ಲಿ. ಮಗುವಿನ ಬಟ್ಟೆ ಬದಲಿಸುವವರು ಮನೆಯಲ್ಲಿ. ತಾಯಿ, ಅಜ್ಜಿ, ಅಕ್ಕ, ಆಶಾ ಕಾರ್ಯಕರ್ತೆ, ದಾದಿ. ಮುನ್ನೂರು ವರ್ಷದ ವಿದ್ಯೆ ಕೆಲಸಕ್ಕೆ ಬರುವುದು ಇವರಲ್ಲಿ ಒಬ್ಬರು ಸರಿಯಾದ ಹೊತ್ತಿಗೆ ಬಣ್ಣವನ್ನು ಗುರುತಿಸಿದರೆ ಮಾತ್ರ. ಆದ್ದರಿಂದ ನೀವು ನೆನಪಿಡಬೇಕಾದ್ದು ಇಷ್ಟು:

ಹುಟ್ಟಿದ ಮಗುವಿನ ವಾಂತಿ ಹಸಿರಾಗಿದ್ದರೆ ಅದು ತುರ್ತು. ಹುಟ್ಟಿ 24 ಗಂಟೆಯಾದರೂ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಗುದದ್ವಾರ ಕಾಣದಿದ್ದರೆ ಅದೂ ತುರ್ತು. ಬಜೆ, ಹರಳೆಣ್ಣೆ, ಜೇನುತುಪ್ಪ ಯಾವುದನ್ನೂ ಬಾಯಿಗೆ ಹಾಕಬಾರದು. ಹಾಲನ್ನೂ ಒತ್ತಾಯದಿಂದ ಕುಡಿಸಬಾರದು, ಅದರ ಬಗ್ಗೆ ಆರೋಗ್ಯ ಸಿಬ್ಬಂದಿಯನ್ನು ಕೇಳಬೇಕು. ಹೊಟ್ಟೆಯ ಮೇಲೆ ಬರೆ ಹಾಕಲೇಬಾರದು. ಮಗುವನ್ನು ತಾಯಿಯ ಎದೆಗೆ ಒತ್ತಿ, ಬಟ್ಟೆ ಸುತ್ತಿ ಬೆಚ್ಚಗಿಟ್ಟು ಕೂಡಲೇ ಹೊರಡಬೇಕು. ವಾಂತಿಯ ಕಲೆಯಾದ ಬಟ್ಟೆಯನ್ನು ತೊಳೆಯದೆ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದು ಹತ್ತು ಮಾತಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಮತ್ತೆ ಆ ಮಳೆಯ ರಾತ್ರಿಗೆ ಹೋಗೋಣ. ಅದೇ ಮನೆ, ಅದೇ ಮಗು. ಈ ಬಾರಿ ಮನೆಯಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯಿದ್ದಾಳೆ, ಬಾಣಂತಿಯ ತಂಗಿ. ಅವಳು ದೀಪ ಹಿಡಿದು ಬಟ್ಟೆ ನೋಡುತ್ತಾಳೆ. "ಅಜ್ಜೀ, ದೃಷ್ಟಿ ಆಮೇಲೆ ತೆಗೆಯೋಣ. ಇದು ಹಸಿರಿದೆ. ಈಗಲೇ ಹೊರಡಬೇಕು" ಎನ್ನುತ್ತಾಳೆ. ಅಜ್ಜಿ ಒಂದು ಕ್ಷಣ ಅವಳ ಮುಖ ನೋಡಿ ಕಂಬಳಿ ತರಲು ಎದ್ದು ಹೋಗುತ್ತಾರೆ. ಲಿಟ್ರೆ ಬರೆದಿಟ್ಟದ್ದು, ದ್ಯುರೆ ಕೈ ಹಚ್ಚಿದ್ದು, ಲೌ ಮತ್ತು ಬರ್ನಾರ್ಡ್ ಮತ್ತೆ ಮತ್ತೆ ಸೋತು ಗೆದ್ದದ್ದು, ಎಲ್ಲವೂ ಆ ರಾತ್ರಿ ಆ ಮಗುವಿನ ಕಡೆಗೆ ಒಂದು ಹೆಜ್ಜೆ ಹತ್ತಿರ ಬರುತ್ತದೆ.

ನಿಮಗೊಂದು ಕೆಲಸ. ನಿಮ್ಮ ಊರಿನ ಹಿರಿಯರನ್ನು, ಹಳೆಯ ಸೂಲಗಿತ್ತಿಯರನ್ನು ಮಾತಾಡಿಸಿ. ಅವರ ಕಾಲದಲ್ಲಿ ಕೂಸಿಗೆ ಕಾಯಿಲೆಯಾದರೆ ಎಲ್ಲಿಗೆ ಒಯ್ಯುತ್ತಿದ್ದರು, ಹೇಗೆ, ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಇಂದು ನಿಮ್ಮ ಮನೆಯಿಂದ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಆ ಎರಡು ಅಂಕಿಗಳ ನಡುವೆ ನಿಮ್ಮ ಊರಿನದೇ ಒಂದು ಚರಿತ್ರೆಯಿದೆ. ಇನ್ನೂ ಬರೆಯಬೇಕಾದ ಪುಟಗಳೂ ಅಲ್ಲೇ ಇವೆ.